ಆರನೇ ಹಾಡಿನ ಹಳದಿ ವಸ್ತ್ರ

ನಮ್ಮ ಹಿಟ್ಟಿನ ಗಿರಣಿಗೆ ಅಮಾವಾಸ್ಯೆಯೊಂದು ಬಿಟ್ಟರೆ ಬೇರೆ ರಜೆ ಇಲ್ಲ. ಅತ್ತೆ ತೀರಿಕೊಂಡ ದಿನವೂ ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ನಾಲ್ಕು ಗಂಟೆಗೆ ಪಟ್ಟಾ ಏರಿಸಿ ಗಿರಣಿ ಶುರು ಮಾಡಿದವಳು ನಾನು. ಊರವರು ಬೈದರು. ಬೈದ ಹೆಂಗಸರೇ ಮರುದಿನ ಜೋಳದ ಚೀಲ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದರು. ಅವರಿಗೆ ನಾಲ್ಕು ಮಾತು ತಿರುಗಿಸಿ ಅಂದ ಮೇಲೆಯೇ ಹಿಟ್ಟು ಕೊಟ್ಟೆ.

ಅಮಾವಾಸ್ಯೆಯ ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ಬಾಳಪ್ಪ ಟಿವಿಯ ಮೇಲಿನ ಹಿಟ್ಟು ಒರೆಸುತ್ತಾನೆ, ಕಿಟಕಿ ಮುಚ್ಚುತ್ತಾನೆ, ‘ಕುಲುಮೆ’ಯ ಡಿಸ್ಕು ಹಾಕುತ್ತಾನೆ. ಕುಲುಮೆ ಎಂದರೆ ಬಂದರು ಪಟ್ಟಣದ ಐದು ಗಂಡಸರ ರಾಕ್ ತಂಡ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅಲ್ಲಿನ ಮೈದಾನದಲ್ಲಿ ಅವರು ಮಾಡಿದ ಕಾರ್ಯಕ್ರಮವನ್ನು ಯಾರೋ ಚಿತ್ರ ತೆಗೆದು ಮಾರಿದರು. ಒಂದು ಗಂಟೆ ನಲವತ್ತು ನಿಮಿಷ, ಹದಿನಾಲ್ಕು ಹಾಡು. ಸದ್ದಿಗೆ ಪಕ್ಕದ ಮನೆಯ ಪಾರಮ್ಮನ ಅಟ್ಟದ ಮೇಲಿನ ತಟ್ಟೆಗಳು ಕುಣಿಯುತ್ತವೆ. ನನಗೆ ಆ ಗದ್ದಲ ಏನೂ ಅನ್ನಿಸುವುದಿಲ್ಲ. ಮೂವತ್ತು ವರ್ಷ ಬೀಸುವ ಕಲ್ಲಿನ ಪಕ್ಕ ನಿಂತ ಕಿವಿ ಇದು. ನನಗೆ ಬೇಕಾದದ್ದು ಆರನೇ ಹಾಡಿನಲ್ಲಿ ಮೂರು ಉಸಿರಿನಷ್ಟು ಹೊತ್ತು ಮಾತ್ರ. ಮೊದಲಿನ ಐದು ಹಾಡು ದಾಟಿಸಿಬಿಡು ಎಂದರೆ ಬಾಳಪ್ಪ ಕೇಳುವುದಿಲ್ಲ. “ಅವರು ಅಷ್ಟು ಬೆವರು ಸುರಿಸಿ ಹಾಡಾಕತ್ತಾರ, ನೀ ಬಟನ್ ಒತ್ತಿ ದಾಟಸಂತಿಯಲ್ಲ, ಮನಷ್ಯಾಳ ನೀ?” ಅನ್ನುತ್ತಾನೆ. ಹಾಗಾಗಿ ಐದು ಹಾಡು ಕೂತು ಕೇಳಬೇಕು.

ಆ ಮೂರು ಉಸಿರಿನ ವಿಷಯ ಹೇಳುವ ಮೊದಲು ನಮ್ಮ ಊರಿನ ಫೋಟೋಗಳ ವಿಷಯ ಹೇಳಬೇಕು. ನಾನು ಇಲ್ಲಿಗೆ ಸೊಸೆಯಾಗಿ ಬಂದ ವಾರ ಗೋಡೆಯ ಮೇಲಿನ ಒಂದು ಫೋಟೋ ನೋಡಿ ಚೀರಿದ್ದೆ. ಅತ್ತೆ ಕುರ್ಚಿಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ನನ್ನ ಗಂಡ. ಮೀಸೆ ಬಿಟ್ಟ ಇಪ್ಪತ್ತಾರು ವರ್ಷದ ಆಳು, ತಲೆಯ ಮೇಲೆ ಕೂಸಿನ ಕುಲಾವಿ. ಸೊಂಟದ ಸುತ್ತ ಅತ್ತೆ ತನ್ನ ಸೆರಗು ಮುಚ್ಚಿದ್ದಳು. ಭಾರಕ್ಕೆ ಅವಳ ಮುಖ ಕಿವುಚಿಹೋಗಿತ್ತು. ಈ ಊರಿಗೆ ಬಂದ ಚಿತ್ರ ಯಾವುದೇ ಇರಲಿ, ಅದರೊಳಗಿನವರಿಗೆ ಹೊರಗಿನವರಂತೆಯೇ ವಯಸ್ಸಾಗುತ್ತದೆ. ಬಟ್ಟೆ ಹಾಗೇ ಇರುತ್ತದೆ, ಮೈ ಬದಲಾಗುತ್ತದೆ. ಸತ್ತವರು ಚಿತ್ರದಿಂದ ಇಲ್ಲವಾಗುತ್ತಾರೆ. ಅದಕ್ಕೆ ಇಲ್ಲಿನವರು ‘ಜಾಗ ಬಿಟ್ಟರು’ ಅನ್ನುತ್ತಾರೆ. ಪರವೂರಿನಲ್ಲಿ ಯಾರಾದರೂ ಹೋದರೆ ಇಲ್ಲಿ ತಂತಿ, ಫೋನು ಕಾಯುವುದಿಲ್ಲ. ಬೆಳಗ್ಗೆ ಗೋಡೆ ನೋಡಿ, ಜಾಗ ಖಾಲಿಯಿದ್ದರೆ ಬಚ್ಚಲಿಗೆ ಹೋಗಿ ಸ್ನಾನ ಮಾಡುತ್ತಾರೆ. ಕೂಸುಗಳನ್ನು ತೊಡೆಯ ಮೇಲೆ ಕೂರಿಸಿ ಯಾರೂ ಫೋಟೋ ತೆಗೆಸುವುದಿಲ್ಲ. ದೊಡ್ಡ ಚಾದರ ಹೊದಿಸಿ ಚಾಪೆಯ ಮೇಲೆ ಮಲಗಿಸುತ್ತಾರೆ. ಬಾಳಪ್ಪ ಕೂಸಾಗಿದ್ದ ಹೊತ್ತಿಗೆ ನಮ್ಮ ಅತ್ತೆಗೆ ಆ ಬುದ್ಧಿ ಸಾಲಲಿಲ್ಲ. ಅವಳು ಜಾಗ ಬಿಟ್ಟ ದಿನ ಫೋಟೋದಲ್ಲಿ ಕುರ್ಚಿ ಬರಿದಾಯಿತು, ಬಾಳಪ್ಪ ದೊಪ್ಪನೆ ಕೆಳಗೆ ಬಿದ್ದ. ಈಗ ಫೋಟೋದ ಕೆಳಗಿನ ಅಂಚಿನಲ್ಲಿ ಅವನ ಬೋಳುತಲೆಯ ಮೇಲ್ಭಾಗ, ಅದರ ಮೇಲೆ ಕುಲಾವಿ, ಇಷ್ಟೇ ಕಾಣುತ್ತದೆ. ದಿನಾ ಕಸ ಹೊಡೆಯುವಾಗ ಅದನ್ನು ನೋಡಿ ನಗುತ್ತೇನೆ. ಆ ಫೋಟೋವನ್ನು ದಿನಾ ನೋಡುವವಳೇ ಮುಂದೆ ಹೇಳುವ ತಪ್ಪು ಮಾಡಿದೆ ಅನ್ನುವುದು ನನ್ನ ಹೊಟ್ಟೆಯುರಿ.

ನನ್ನ ತಮ್ಮ ಉಡಚಪ್ಪ ಅಪ್ಪ ಅವ್ವ ಹೋದ ಮೇಲೆ ಹದಿನೈದನೇ ವಯಸ್ಸಿಗೆ ನನ್ನ ಮನೆಗೆ ಬಂದ. ಆರು ವರ್ಷ ಗಿರಣಿಯಲ್ಲಿ ದುಡಿದ. ಅರಿಶಿನ ಬೀಸುವ ದಿನ ತಲೆಗೆ ಸುತ್ತಿಕೊಳ್ಳಲು ನನ್ನ ಹಳೆಯ ಬಿಳಿ ಸೀರೆ ಹರಿದು ಎರಡು ವಸ್ತ್ರ ಮಾಡಿದ್ದೆ, ಒಂದು ನನಗೆ, ಒಂದು ಅವನಿಗೆ. ಎರಡೂ ಎಂದೂ ಹೋಗದ ಹಳದಿಯಾಗಿದ್ದವು. ಅವನಿಗೆ ಕುಲುಮೆಯ ಹುಚ್ಚು. ಟೇಪ್ ರೆಕಾರ್ಡರ್ ತಂದು ಗಿರಣಿಯ ಸದ್ದಿಗಿಂತ ಜೋರಾಗಿ ಹಚ್ಚುತ್ತಿದ್ದ. ಒಂದು ದಿನ ನಾನು ಸಂತೆಗೆ ಹೋಗಿದ್ದಾಗ ಹಾಗೆಯೇ ಹಚ್ಚಿದ್ದಾನೆ, ಮೇಲಿನ ಡಬ್ಬಿಯಲ್ಲಿ ಕಾಳು ಮುಗಿದದ್ದು ಗೊತ್ತಾಗಲಿಲ್ಲ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿ, ಬೀಸಲೆಂದು ಕೊರೆಸಿದ ಮುಳ್ಳೆಲ್ಲ ಸವೆದು, ಸುಟ್ಟ ವಾಸನೆ ಓಣಿಯ ತುದಿಗೆ ಬರುತ್ತಿತ್ತು. ಒಬ್ಬರ ಮದುವೆಯ ಎರಡು ಚೀಲ ಗೋಧಿ ಹಿಟ್ಟಿನಲ್ಲಿ ಕಲ್ಲಿನ ಪುಡಿ. ನಾನು ಬಂದವಳೇ ಟೇಪ್ ರೆಕಾರ್ಡರ್ ಎತ್ತಿ ಅದೇ ಕಲ್ಲಿಗೆ ಅಪ್ಪಳಿಸಿದೆ.

“ಕಲ್ಲು ಹೊಡಿಸಿ ಕೊಡ್ತೇನಿ ತಗೋ ಅಕ್ಕಾ,” ಎಂದ.

“ಏನ್ ಕೊಡ್ತಿ? ಹೋಗು. ನಿನ್ನ ಮಾರಿ ನನಗ ತೋರಿಸಬ್ಯಾಡ!”

ಬೇರೆ ಊರಿನಲ್ಲಿ ಈ ಮಾತು ಸಿಟ್ಟಿನ ಮಾತು, ಅಷ್ಟೇ. ಇಲ್ಲಿ ಅದಕ್ಕೆ ಬೇರೆ ತೂಕ. ಅವನು ಒಳಗೆ ಹೋಗಿ ಗೋಡೆಯ ಮೇಲಿದ್ದ ತನ್ನ ಮೂರು ಫೋಟೋ ಬಿಚ್ಚಿಕೊಂಡ, ಅವುಗಳ ಜೊತೆ ಶಾಲೆಯ ಗುಂಪು ಫೋಟೋವನ್ನೂ. ತನ್ನ ಹಳದಿ ವಸ್ತ್ರ ತಲೆಗೆ ಸುತ್ತಿಕೊಂಡು ಬಸ್ಸು ಹತ್ತಿದ. ನಾನು ಗೋಡೆಯ ನಾಲ್ಕು ಮೊಳೆಗಳನ್ನು ಕಿತ್ತು ಎಸೆದೆ, ಅಷ್ಟು ಸಿಟ್ಟಿತ್ತು.

ಎರಡು ವರ್ಷದ ಮೇಲೆ ಬಾಳಪ್ಪ ಸಂತೆಯಿಂದ ಕುಲುಮೆಯ ಡಿಸ್ಕು ತಂದ. ಉಡಚನ ಜೊತೆ ಕೂತು ಕೇಳಿ ಕೇಳಿ ಅವನಿಗೂ ಅದರ ರುಚಿ ಹತ್ತಿತ್ತು, ನನಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ನಾನು ಮೊರ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದೆ. ಆರನೇ ಹಾಡಿನಲ್ಲಿ ಡ್ರಮ್ಮಿನವನಾದ ಮುತ್ತು ಒಬ್ಬನೇ ಬಾರಿಸುವ ಭಾಗ ಬರುತ್ತದೆ. ಆಗ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಸಾವಿರ ತಲೆಗಳ ಮೇಲೆ, ಯಾರದೋ ಹೆಗಲ ಮೇಲೆ ಕೂತು, ಹಳದಿ ವಸ್ತ್ರವನ್ನು ಗರಗರ ತಿರುಗಿಸುತ್ತಿದ್ದವನು ನನ್ನ ತಮ್ಮ.

“ಹಿಂದಕ್ಕ ತಿರಗಸು,” ಎಂದೆ.

ಬಾಳಪ್ಪ ತಿರುಗಿಸಿದ. ನಾನು ಮೊರ ಇಟ್ಟು ಕೂತೆ. ಅವತ್ತಿನಿಂದ ಇಲ್ಲಿಯವರೆಗೆ ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ಮುಖ ತೋರಿಸಬೇಡ ಎಂದವಳು ತಿಂಗಳಿಗೊಮ್ಮೆ ಕದ್ದು ಮುಖ ನೋಡಿದೆ. ಅವನಿಗೆ ಮೀಸೆ ದಪ್ಪವಾದದ್ದು ಕಂಡೆ. ಕೆನ್ನೆ ಇಳಿದದ್ದು, ನೆತ್ತಿ ಬಯಲಾದದ್ದು, ಎಲ್ಲ ಕಂಡೆ. ಒಂದು ವರ್ಷ ಮುಂದಿನ ಹಲ್ಲು ಇರಲಿಲ್ಲ. ಯಾರ ಜೊತೆ ಜಗಳಾಡಿದನೋ. ಹನ್ನೊಂದು ವರ್ಷದ ಹಿಂದೆ ಅವನದೊಂದು ಕಾರ್ಡು ಬಂತು. ‘ಬಂದರಿನ ಹತ್ತಿರ ಬ್ಯಾಟರಿ ರಿಪೇರಿ ಅಂಗಡಿಯಲ್ಲಿದ್ದೇನೆ. ಚೆನ್ನಾಗಿದ್ದೇನೆ. ನೀನು?’ ಎಂದು ಬರೆದು ಕೆಳಗೆ ವಿಳಾಸ ಹಾಕಿದ್ದ. ಚೆನ್ನಾಗಿದ್ದಾನೆ ಎಂದು ನನಗೆ ಗೊತ್ತಿತ್ತು, ಹಿಂದಿನ ವಾರವಷ್ಟೇ ನೋಡಿದ್ದೆ. ಉತ್ತರ ಬರೆಯಲಿಲ್ಲ. ಕಾರ್ಡನ್ನು ಗಿರಣಿಯ ಮೇಜಿನ ಖಾನೆಯಲ್ಲಿ ಸ್ಪ್ಯಾನರಿನ ಕೆಳಗಿಟ್ಟೆ.

“ಬರಿ ಒಂದು ಸಾಲು,” ಎಂದು ಬಾಳಪ್ಪ ಎಷ್ಟೋ ಸಲ ಹೇಳಿದ.

“ಕಾಣತಾನಲ್ಲ, ಬರಿಯೂದೇನೈತಿ?”

“ನಿನಗ ಅಂವಾ ಕಾಣತಾನ. ಅಂವಗ ನೀ ಕಾಣಬೇಕಲ್ಲ.”

“ಬೇಕಾದ್ರ ಬರ್ತಾನ. ಕಾಲಿಲ್ಲೇನು ಅಂವಗ?” ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಮ್ಮ ಊರಿನವರಿಗೆಲ್ಲ ಇರುವ ಸೋಮಾರಿತನ ಇದು. ಗೋಡೆಯ ಮೇಲೆ ಮಗಳ ಮುಖ ನೋಡಿ, ದುಂಡಗಾಗಿದ್ದಾಳೆ ಎಂದುಕೊಂಡು, ಹೋಗಿ ಮಾತಾಡಿಸಿ ಬಂದಷ್ಟೇ ಸಮಾಧಾನದಿಂದ ಉಣ್ಣಲು ಕೂರುತ್ತೇವೆ. ಅವಳು ಯಾಕೆ ದುಂಡಗಾದಳು ಎಂದು ಕೇಳಲು ಬಸ್ಸು ಹತ್ತುವುದಿಲ್ಲ.

ತಮ್ಮನಿಗಾಗಿ ಕೂತ ಆ ಐದು ಹಾಡುಗಳು ಬರಬರುತ್ತಾ ನನಗೂ ಬಾಯಿಪಾಠವಾದವು. ಹಾಡುಗಾರ ಕೆಂಚ ಮೊದಲೆಲ್ಲ ಆಳೆತ್ತರದ ಪೆಟ್ಟಿಗೆಯ ಮೇಲಿಂದ ಹಾರುತ್ತಿದ್ದ. ಈಗ ಅವನಿಗೆ ಎಪ್ಪತ್ತು. ಅದೇ ಚರ್ಮದ ಕೋಟು, ಗುಂಡಿ ಹಾಕಲು ಹೊಟ್ಟೆ ಬಿಡುವುದಿಲ್ಲ. ಹಾರುವ ಜಾಗ ಬಂದಾಗ ಮೊಣಕಾಲು ಹಿಡಿದು, ಒಂದು ಕೈ ಪೆಟ್ಟಿಗೆಗೆ ಊರಿ, ಮೆಲ್ಲಗೆ ಇಳಿಯುತ್ತಾನೆ. ಇಳಿದ ಮೇಲೆ ಹಾರಿದವನಂತೆಯೇ ಮುಷ್ಟಿ ಎತ್ತುತ್ತಾನೆ. ಜನ ಮೊದಲಿನಷ್ಟೇ ಕೂಗುತ್ತಾರೆ. ದಪ್ಪ ತಂತಿಯ ಗಿಟಾರು ಬಾರಿಸುವವನು ಆರು ವರ್ಷದ ಹಿಂದೆ ಜಾಗ ಬಿಟ್ಟ. ಆ ಸದ್ದು ಹೋದ ಕಡೆಯಲ್ಲೆಲ್ಲ ಮುತ್ತು ದೊಡ್ಡ ಡ್ರಮ್ಮನ್ನು ಕಾಲಿನಿಂದ ಇನ್ನೆರಡು ಏಟು ಹೆಚ್ಚು ಒದೆಯುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಪಟ್ಟಾ ಹರಿದರೂ ಗಿರಣಿ ನಿಲ್ಲಿಸದವಳಿಗೆ ಇದು ಅರ್ಥವಾಗುತ್ತದೆ. ಅವರು ನಿಲ್ಲಿಸುವಂತಿಲ್ಲ. ಒಂದು ಗಂಟೆ ನಲವತ್ತು ನಿಮಿಷ ತುಂಬಲೇಬೇಕು, ಇರುವ ಮೈಯಲ್ಲೇ ತುಂಬಬೇಕು.

ಈಚಿನ ನಾಲ್ಕೈದು ವರ್ಷ ತಮ್ಮ ಕುಗ್ಗುತ್ತಿದ್ದ. ಮೊದಲು ಎಲ್ಲರ ತಲೆಗಿಂತ ಎರಡು ಮೊಳ ಎತ್ತರ ಕಾಣುತ್ತಿದ್ದವನು ವರ್ಷ ವರ್ಷಕ್ಕೆ ಕೆಳಗಿಳಿಯುತ್ತಿದ್ದ. ಹೋದ ಯುಗಾದಿ ಅಮಾವಾಸ್ಯೆಗೆ ಎದೆಯ ಮೇಲಿನ ಭಾಗ ಮಾತ್ರ ಕಂಡಿತು. “ಅಂವಗ ಏನೋ ಬ್ಯಾನಿ ಐತಿ,” ಎಂದೆ. “ಮೈ ದುಂಡಗ ಐತಲ್ಲ,” ಎಂದ ಬಾಳಪ್ಪ. ಮೈ ದುಂಡಗಿರುವವರಿಗೆ ಬೇನೆ ಬರುವುದಿಲ್ಲವೇನು ಎಂದು ಅವನ ಮೇಲೆ ಹಾರಿದೆ. ಆ ರಾತ್ರಿ ಖಾನೆಯಿಂದ ಕಾರ್ಡು ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟೆ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಆರನೇ ಹಾಡು ಬಂತು. ಮುತ್ತು ಬಾರಿಸತೊಡಗಿದ. ಕ್ಯಾಮೆರಾ ತಿರುಗಿತು. ತಲೆಗಳಿದ್ದವು. ತಲೆಗಳ ಮೇಲೆ ಯಾರೂ ಇರಲಿಲ್ಲ. ಅವನು ಇರುತ್ತಿದ್ದ ಜಾಗದಲ್ಲಿ ಹಿಂದಿನ ದೀಪದ ಕಂಬ ಕಾಣುತ್ತಿತ್ತು, ಇಷ್ಟು ವರ್ಷ ಅಲ್ಲೊಂದು ಕಂಬ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ನಾನು ಎದ್ದು ಟಿವಿಯ ವೈರನ್ನೇ ಕಿತ್ತೆ.

“ತಡಿ, ಇನ್ನೊಮ್ಮೆ ನೋಡೂನು ದ್ಯಾಮಿ,” ಎಂದ ಬಾಳಪ್ಪ.

“ಏನ್ ನೋಡ್ತಿ? ಕಂಬ ನೋಡ್ತಿ?” ಎಂದು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡೆ.

ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ಅವತ್ತು ಕಂಡಕಂಡವರ ಮೇಲೆಲ್ಲ ಹಾಯ್ದೆ. ಇಪ್ಪತ್ತನಾಲ್ಕು ವರ್ಷ ಒಂದು ಸಾಲು ಬರೆಯದೆ ಕಾಯ್ದದ್ದು ಏನನ್ನು? ಅವನು ಸೋತು ಬರಲಿ ಎಂದು. ಈಗ ಯಾರು ಬರುತ್ತಾರೆ?

ನಮ್ಮಲ್ಲಿ ಒಂಬತ್ತನೇ ದಿನ ಜಾಗ ಬಿಟ್ಟವರ ಫೋಟೋ ಮುಂದೆ ಅವರಿಗೆ ಸೇರುತ್ತಿದ್ದ ಅಡುಗೆ ಮಾಡಿ ಎಡೆ ಹಿಡಿಯುತ್ತಾರೆ. ಉಡಚನಿಗೆ ಮಾದಲಿ ಸೇರುತ್ತಿತ್ತು. ಗೋಧಿ ನಾನೇ ಬೀಸಿ, ರೊಟ್ಟಿ ಮಾಡಿ, ಪುಡಿ ಮಾಡಿ, ಬೆಲ್ಲ ಹಾಕಿದೆ. ಓಣಿಯ ಹದಿನೈದು ಜನ ಬಂದರು. ಅವನ ಫೋಟೋ ಇಲ್ಲ, ಇದ್ದದ್ದು ಟಿವಿ. ಎಲ್ಲರೂ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತರು. ನಾನು ಆರಿದ ಟಿವಿಯ ಮುಂದೆ ತಟ್ಟೆ ಇಟ್ಟೆ.

“ಚಾಲೂ ಮಾಡವಾ, ಜಾಗಾನರ ನೋಡಿ ಕೈ ಮುಗಿಯೂನು,” ಎಂದಳು ಪಾರಮ್ಮ.

“ಏನೂ ಬ್ಯಾಡ. ಹಂಗೇ ಮುಗಿ.”

“ಕರೇ ಗಾಜಿಗೆ ಎಡಿ ಹಿಡದ್ರ ಯಾರಿಗೆ ಮುಟ್ಟತೈತಿ? ನಮ್ಮ ಮಾರೀನ ಕಾಣಾಕತ್ತಾವು ಅದರಾಗ.”

“ಹಂಗಾರ ನಿನಗ ಮುಟ್ಟಲಿ ತಗೋ!” ಎಂದುಬಿಟ್ಟೆ. ಪಾರಮ್ಮ ಎದ್ದು ಹೋಗಲು ನೋಡಿದಳು. ಮಾದಲಿಯ ವಾಸನೆಗೆ ಮತ್ತೆ ಕೂತಳು. ಎಲ್ಲರೂ ಕಪ್ಪು ಗಾಜಿನಲ್ಲಿ ತಮ್ಮ ತಮ್ಮ ಮುಖ ನೋಡಿಕೊಂಡು ಕೈ ಮುಗಿದರು. ಉಂಡರು, ಹೋದರು. ಬಾಳಪ್ಪ ಮಾತ್ರ ತಟ್ಟೆ ಮುಟ್ಟಲಿಲ್ಲ. “ನನಗ್ಯಾಕೋ ಒಳಗಿಂದ ಬರವಲ್ದು,” ಎಂದ. ನಾನು ಅದಕ್ಕೂ ಬೈದೆ.

ಮುಂದಿನ ಅಮಾವಾಸ್ಯೆ ಬಂತು. ಊಟವಾದ ಮೇಲೆ ನೋಡಿದರೆ ಬಾಳಪ್ಪ ಟಿವಿ ಒರೆಸುತ್ತಿದ್ದಾನೆ.

“ನಾಚಿಕಿ ಐತೇನು ನಿನಗ?” ಎಂದೆ.

“ಡಿಸ್ಕು ನಿನ್ನ ತಮ್ಮನ್ದಷ್ಟ ಅಲ್ಲ. ಕೆಂಚಂದೂ ಐತಿ, ಮುತ್ತುಂದೂ ಐತಿ. ಅವರೂ ಮುದುಕರಾಗ್ಯಾರ. ನಾ ನೋಡದಿದ್ರ ಅವರನ್ನ ಈ ಊರಾಗ ಯಾರು ನೋಡವರು?” ಎಂದು ಹಾಕಿಯೇ ಬಿಟ್ಟ.

ಆ ಐದು ಹಾಡಿನ ಹಟ ಬಿಟ್ಟರೆ, ಮದುವೆಯಾಗಿ ಮೂವತ್ತು ವರ್ಷದಲ್ಲಿ ನನ್ನ ಮಾತು ಮೀರಿದ್ದು ಅದೇ ಮೊದಲು. ನಾನು ಹೋಗಿ ಗಿರಣಿಯಲ್ಲಿ ಕೂತೆ. ಗೋಡೆಯಾಚೆಯಿಂದ ಹಾಡುಗಳು ಒಂದೊಂದಾಗಿ ಬಂದವು. ಕೆಂಚ ಮೇಲಿನ ಸ್ವರಕ್ಕೆ ಹೋಗಲಾಗದೆ ನಿಂತಾಗ ಜನ ಅದನ್ನು ಎತ್ತಿಕೊಂಡು ಹಾಡುವುದು ಕೇಳಿತು. ಐದನೆಯದು ಮುಗಿಯಿತು. ಆರನೆಯದು. ಮುತ್ತು ಬಾರಿಸಿದ. ನಾನು ಕಿವಿ ಮುಚ್ಚಿಕೊಂಡೆ. ಬೀಸುವ ಕಲ್ಲಿಗೆ ಮುಚ್ಚದ ಕಿವಿ.

“ದ್ಯಾಮೀ! ಏ ದ್ಯಾಮೀ! ಬಾ ಇಲ್ಲೆ!”

ಓಡಿದೆ. ಚಿತ್ರ ನಿಲ್ಲಿಸಿದ್ದ. ಅದೇ ತಲೆಗಳು, ಅದೇ ಕಂಬ.

“ಇದನ್ನ ತೋರಸಾಕ ಕರದ್ಯಾ?”

ಬಾಳಪ್ಪ ಟಿವಿ ಕಡೆ ನೋಡಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿದ. “ಅವ್ವ ಹೋದ ಮ್ಯಾಲೆ ಆ ಫೋಟೋದಾಗ ನಾ ಎಲ್ಲಿ ಅದೀನಿ?”

“ಕೆಳಗ ಬಿದ್ದಿ,” ಎಂದೆ. ಅಂದವಳೇ ಟಿವಿಯ ಕಡೆ ತಿರುಗಿದೆ.

ಅವನು ಚಿತ್ರವನ್ನು ಮೆಲ್ಲಗೆ ಬಿಟ್ಟ. ಕಂಬದ ಕೆಳಗೆ, ಒತ್ತಿ ನಿಂತ ತಲೆಗಳ ಸಂದಿಯಲ್ಲಿ, ಟಿವಿಯ ಕೆಳ ಅಂಚಿಗೆ ಹತ್ತಿ, ಒಂದು ಹಳದಿ ವಸ್ತ್ರದ ತುದಿ ಮೇಲೆ ಬಂತು, ಸುತ್ತಿತು, ಇಳಿಯಿತು. ಮತ್ತೆ ಬಂತು. ಕೈ ಕಾಣಲಿಲ್ಲ. ಮುಖ ಕಾಣಲಿಲ್ಲ. ನೆಲದ ಮೇಲೆ ನಿಂತವನೊಬ್ಬ ಸುತ್ತಲಿನವರ ನಡುವೆ ಮುಳುಗಿ, ಕೈಯೆತ್ತಿ ತಿರುಗಿಸುತ್ತಲೇ ಇದ್ದ.

ನಾನು ಟಿವಿಯ ಗಾಜಿಗೆ ಕೈಯಿಟ್ಟೆ. ಆಗ ಅಳು ಬಂತು, ದನ ಕೂಗಿದ ಹಾಗೆ. ಪಾರಮ್ಮ ಗೋಡೆ ಬಡಿದು ಏನಾಯಿತೆಂದು ಕೇಳಿದಳು. “ಉಡಚ ಅದಾನವಾ! ಅದಾನ! ಕೆಳಗ ನಿಂತಾನ!” ಎಂದು ಬಾಳಪ್ಪ ಕೂಗಿದ. “ಮತ್ತ ನಾವು ಉಂಡ ಮಾದಲಿ?” ಎಂದು ಅವಳು ಆ ಕಡೆಯಿಂದ ಕೇಳಿದಳು.

ಅವಳು ಕೇಳಿದ್ದು ತಮಾಷೆಗೆ ಇರಬಹುದು. ನನಗೆ ಅದು ನೆಟ್ಟಗೆ ಎದೆಗೆ ಬಂತು. ಮಾದಲಿ ಮುಟ್ಟಬೇಕಾದವನು ಬೇರೊಬ್ಬನಿದ್ದ. ಜಾಗ ಬಿಟ್ಟವನು ಉಡಚನಲ್ಲ, ಅವನನ್ನು ಹೊತ್ತವನು. ಇಪ್ಪತ್ತೊಂದು ವರ್ಷದ ಹುಡುಗನಾಗಿ ಹೆಗಲಿಗೇರಿದವನು ನಲವತ್ತೈದರ ಗಂಡಸಾಗುವವರೆಗೆ ಹೊತ್ತವನು ಇಳಿಸಲಿಲ್ಲ. ತಮ್ಮ ಕುಗ್ಗುತ್ತಿದ್ದಾನೆಂದು ನಾನು ಗೋಳಾಡುತ್ತಿದ್ದಾಗ ಬಾಗುತ್ತಿದ್ದದ್ದು ಅವನ ಬೆನ್ನು, ಬೇನೆಯೂ ಅವನದೇ. ಇನ್ನೂರ ಅರವತ್ತಕ್ಕೂ ಹೆಚ್ಚು ಸಲ ನೋಡಿದ್ದೇನೆ. ಅವನದು ಎಂದು ನನಗೆ ನೆನಪಿರುವುದು ಒಂದಿಷ್ಟು ಗುಂಗುರು ಕೂದಲು, ಉಡಚನ ಕಣಕಾಲುಗಳನ್ನು ಬಿಗಿಯಾಗಿ ಹಿಡಿದಿದ್ದ ಎರಡು ಕೈ. ಮುಖ ನೋಡಲೇ ಇಲ್ಲ. ನೋಡಬೇಕೆಂದು ಅನ್ನಿಸಲೇ ಇಲ್ಲ. ನಾನು ಹೊರಗೆ ಹಾಕಿದವನನ್ನು ಯಾರೋ ಹೆಗಲ ಮೇಲೆ ಇಟ್ಟುಕೊಂಡಿದ್ದರು, ನಾನು ಇಲ್ಲಿ ಚುರುಮುರಿ ತಿನ್ನುತ್ತಾ ಕೂತು ಮೇಲಿನವನನ್ನು ಮಾತ್ರ ನೋಡಿದೆ.

ಬಾಳಪ್ಪ ಪೋಸ್ಟ್ ಕಾರ್ಡು ತಂದುಕೊಟ್ಟ. ‘ಚಿರಂಜೀವಿ ಉಡಚಪ್ಪನಿಗೆ’ ಎಂದು ಬರೆದು ಹೊಡೆದು ಹಾಕಿದೆ. ಇನ್ನೊಂದು ತೆಗೆದುಕೊಂಡೆ. ತಪ್ಪಾಯಿತು ಎಂದು ಬರೆಯಲು ನನ್ನ ಕೈ ಕಲಿತಿಲ್ಲ, ಈ ವಯಸ್ಸಿಗೆ ಕಲಿಯುವುದೂ ಇಲ್ಲ. ಕೊನೆಗೆ ಒಂದೇ ಸಾಲು ಬರೆದೆ. ‘ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದನಲ್ಲ, ಹೋದ ತಿಂಗಳು ತೀರಿಕೊಂಡ, ಅವನ ಹೆಸರೇನು? ಅಕ್ಕ.’

“ಇದೇನ್ ಕಾಗದ ಬರಿಯೂ ರೀತಿನಾ?” ಎಂದ ಬಾಳಪ್ಪ.

“ಸುಮ್ನ ಡಬ್ಬಿಗೆ ಹಾಕಿ ಬಾ,” ಎಂದೆ.

ಉತ್ತರ ಬರಲು ಹದಿನಾರು ದಿನ ಬೇಕಾಯಿತು. ವಿಳಾಸ ಹನ್ನೊಂದು ವರ್ಷ ಹಳೆಯದು. ಆ ಹದಿನಾರು ದಿನ ನಾನು ಗಿರಾಕಿಗಳ ಜೊತೆ ಜಗಳಾಡಲಿಲ್ಲ. ಜಡ್ಡು ಬಂದಿದೆಯೇನು ಎಂದು ಓಣಿಯವರು ಬಾಳಪ್ಪನನ್ನು ಕೇಳಿದರಂತೆ. ಹದಿನೇಳನೇ ದಿನ ಬೆಳಗ್ಗೆ ಅರಿಶಿನ ಬೀಸುತ್ತಿದ್ದೆ, ತಲೆಗೆ ಹಳದಿ ವಸ್ತ್ರ ಸುತ್ತಿದ್ದೆ. ಅಂಚೆಯವನು ಕಾರ್ಡನ್ನು ಕಿಟಕಿಯಲ್ಲಿ ಇಟ್ಟು ಹೋದ. ಅಕ್ಷರ ದೊಡ್ಡದಾಗಿತ್ತು, ಒತ್ತಿ ಬರೆದಿದ್ದ.

‘ಅಕ್ಕ, ಅವನ ಹೆಸರು ಇನಾಸ. ಬ್ಯಾಟರಿ ಅಂಗಡಿ ಅವನದೇ. ಬೆನ್ನುಮೂಳೆ ಕೆಟ್ಟಿತ್ತು, ನಾಲ್ಕು ವರ್ಷ ನಾನೇ ಎತ್ತಿ ಕೂರಿಸುತ್ತಿದ್ದೆ. ನಿನಗೆ ಹೇಗೆ ಗೊತ್ತಾಯಿತು? ನಿನ್ನ ಮನೆಯಲ್ಲಿ ನನ್ನ ಒಂದು ಫೋಟೋನೂ ಇಲ್ಲವಲ್ಲ.’

ಎರಡು ಸಲ ಓದಿದೆ. ಇದಕ್ಕೆ ಉತ್ತರ ಕಾರ್ಡಿನಲ್ಲಿ ಹಿಡಿಸುವಂಥದ್ದಲ್ಲ. ಇಪ್ಪತ್ತೆರಡು ವರ್ಷ ತಿಂಗಳು ತಿಂಗಳು ನಿನ್ನನ್ನು ನೋಡುತ್ತಿದ್ದೆ ಎಂದು ಅವನ ಎದುರು ನಿಂತು, ಅವನ ಮುಖ ನೋಡಿಕೊಂಡು ಹೇಳಬೇಕು. ಅವನು ಬೈದರೆ ಬೈಸಿಕೊಳ್ಳಬೇಕು.

ಡಬ್ಬಿಯಲ್ಲಿದ್ದ ಅರಿಶಿನ ಪೂರ್ತಿ ಇಳಿಯುವವರೆಗೆ ಕಾದೆ. ಕೊನೆಯ ಚೂರು ಬಿದ್ದ ಮೇಲೆ ಕಲ್ಲು ನಿಲ್ಲಿಸಿ, ಪಟ್ಟಾ ಇಳಿಸಿದೆ. ಸಾಲಿನಲ್ಲಿ ಏಳು ಜನ ಇದ್ದರು, ಎಲ್ಲರಿಗಿಂತ ಮುಂದೆ ಪಾರಮ್ಮ.

“ಯಾಕವಾ, ಕರೆಂಟ್ ಹೋತೇನು?”

“ಇಲ್ಲ. ಊರಿಗೆ ಹೊಂಟೀನಿ.”

“ಇವತ್ತೇನ್ ಅಮಾಸಿ ಅಲ್ಲಲ್ಲ!”

“ಅಲ್ಲ,” ಎಂದು ಉತ್ತರದ ದಾರಿ ಕಾಯುತ್ತಾ ಮಾಡಿಟ್ಟಿದ್ದ ಮಾದಲಿಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಗಿರಣಿಗೆ ಬೀಗ ಹಾಕಿದೆ.